ಕಾಗದದ ಕೊಕ್ಕರೆಯ ಹಿಂದಿರುವ ಮಕ್ಕಳು

ಆಗಸ್ಟ್ ಹತ್ತಿರವಾದಂತೆ ನಮ್ಮ ಹಲವು ಶಾಲೆಗಳಲ್ಲಿ ಬಣ್ಣದ ಕಾಗದದ ಕಟ್ಟುಗಳು ಹೊರಬರುತ್ತವೆ. ಆರನೇ ತಾರೀಖು ಹಿರೋಶಿಮಾ ದಿನ, 1945ರಲ್ಲಿ ಜಪಾನಿನ ಆ ನಗರದ ಮೇಲೆ ಅಮೆರಿಕ ಪರಮಾಣು ಬಾಂಬ್ ಹಾಕಿದ ದಿನ. ಮಕ್ಕಳು ಚೌಕ ಕಾಗದ ಮಡಚಿ ಕೊಕ್ಕರೆ ಮಾಡುತ್ತಾರೆ, ದಾರಕ್ಕೆ ಪೋಣಿಸಿ ಕಿಟಕಿಗೆ ಕಟ್ಟುತ್ತಾರೆ. ಬೆಳಗಿನ ಪ್ರಾರ್ಥನೆಯಲ್ಲಿ ಯಾರಾದರೊಬ್ಬರು ಆ ಬಾಂಬಿಗೆ ಬಲಿಯಾದ ಹುಡುಗಿ ಸಡಾಕೊ ಸಸಾಕಿಯ ಕಥೆ ಓದುತ್ತಾರೆ. ಮನುಷ್ಯರೆಲ್ಲ ಒಂದೇ ಎಂದು ವೇದಿಕೆಯ ಮೇಲೆ ನಿಂತು ಹೇಳುವುದಕ್ಕಿಂತ ಹೀಗೆ ಮಕ್ಕಳ ಕೈಯಿಂದಲೇ ಏನನ್ನಾದರೂ ಮಾಡಿಸುವುದು ಮೇಲು ಎಂಬುದು ನನ್ನ ನಂಬಿಕೆ. ಮಾತು ಮರೆತುಹೋಗುತ್ತದೆ, ಬೆರಳು ಕಲಿತದ್ದು ಉಳಿಯುತ್ತದೆ.

ಆದರೆ ಈ ಕೊಕ್ಕರೆಯ ಸುತ್ತ, ಶಾಲೆಗಳಲ್ಲಿ ಬಳಸುವ ಇಂಥ ಬೇರೆ ಸಂಕೇತಗಳ ಸುತ್ತಲೂ, ಕೆಲವು ತಪ್ಪು ತಿಳಿವಳಿಕೆಗಳು ಬೆಳೆದುಬಿಟ್ಟಿವೆ. ಕೆಲವು ಕಥೆಯ ವಿವರಕ್ಕೆ ಸಂಬಂಧಿಸಿದವು. ಇನ್ನು ಕೆಲವು, ಸಂಕೇತವೊಂದು ಮಗುವಿಗೆ ಏನನ್ನು ಕಲಿಸಬಲ್ಲದು ಎಂಬುದಕ್ಕೇ ಸಂಬಂಧಿಸಿದವು. ಸಂಕೇತ ಮಗುವಿನ ಕೈಗೆ ಬಂದಾಗ ಅದರ ಹಿಂದಿನ ಮನುಷ್ಯರೂ ಜೊತೆಗೆ ಬರಬೇಕು. ಅವರು ಬಾರದೆ ಹೋದರೆ ಉಳಿಯುವುದು ಕರಕುಶಲ ತರಗತಿ ಮಾತ್ರ. ಹಾಗಾಗಿ ಇವನ್ನು ಒಂದೊಂದಾಗಿ ಸರಿಪಡಿಸಿಕೊಳ್ಳುವುದು ಅಗತ್ಯ.

ತಪ್ಪು ಕಲ್ಪನೆ: ಸಾವಿರ ಕೊಕ್ಕರೆ ಮಡಚಲು ಹೊರಟ ಸಡಾಕೊ 644 ಮಡಚಿ ತೀರಿಕೊಂಡಳು. ಉಳಿದವನ್ನು ಗೆಳೆಯರು ಮಡಚಿ ಸಾವಿರ ತುಂಬಿಸಿದರು.

ವಾಸ್ತವ: ಈ ಸಂಖ್ಯೆ ಬಂದದ್ದು ಎಲಿನರ್ ಕೋರ್ ಎಂಬ ಲೇಖಕಿ 1977ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿಯಿಂದ. ಜಗತ್ತಿನ ನಾನಾ ಭಾಷೆಗಳ ಮಕ್ಕಳು ಸಡಾಕೊಳನ್ನು ಬಲ್ಲದ್ದು ಹೆಚ್ಚಾಗಿ ಆ ಪುಸ್ತಕದ ಮೂಲಕ. ಆ ಋಣ ದೊಡ್ಡದು. ಆದರೆ ಅದು ಕಾದಂಬರಿ. ಹಿರೋಶಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯವೂ ಸಡಾಕೊಳ ಅಣ್ಣ ಮಸಾಹಿರೊ ಸಸಾಕಿಯವರೂ ಹೇಳುವುದು ಬೇರೆಯೇ: ಆ ಹುಡುಗಿ ಸಾವಿರವನ್ನು ದಾಟಿದ್ದಳು.

1943ರ ಜನವರಿ 7ರಂದು ಹುಟ್ಟಿದ ಸಡಾಕೊ ಬಾಂಬ್ ಬಿದ್ದಾಗ ಎರಡು ವರ್ಷದ ಕೂಸು. ಮನೆ ಸ್ಫೋಟದ ಕೇಂದ್ರದಿಂದ ಒಂದೂವರೆ ಕಿಲೋಮೀಟರಿಗಿಂತ ತುಸು ದೂರದಲ್ಲಿತ್ತು. ಮೈಮೇಲೆ ಗಾಯವಿರಲಿಲ್ಲ. ತಾಯಿ ಮಕ್ಕಳನ್ನು ಕಟ್ಟಿಕೊಂಡು ಓಡುವಾಗ ಆಕಾಶದಿಂದ ವಿಕಿರಣ ಹೊತ್ತ ಕಪ್ಪು ಮಳೆ ಸುರಿಯಿತು. ಆಮೇಲೆ ಒಂಬತ್ತು ವರ್ಷ ಏನೂ ಆಗಲಿಲ್ಲ. ತಂದೆ ಕ್ಷೌರದಂಗಡಿ ನಡೆಸುತ್ತಿದ್ದರು, ಮಗಳು ನೊಬೊರಿಚೊ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಳು. ಆರನೇ ತರಗತಿಯಲ್ಲಿ ರಿಲೇ ಓಟದ ತಂಡಕ್ಕೆ ಅವಳೇ ಬಲ. 1954ರ ಕೊನೆಯಲ್ಲಿ ಕತ್ತಿನ ಹತ್ತಿರ ಗಂಟು ಕಾಣಿಸಿಕೊಂಡಿತು, ಆಮೇಲೆ ಕಾಲ ಮೇಲೆ ನೇರಳೆ ಕಲೆಗಳು ಎದ್ದವು. 1955ರ ಫೆಬ್ರುವರಿಯಲ್ಲಿ ರೆಡ್‌ಕ್ರಾಸ್ ಆಸ್ಪತ್ರೆ ಸೇರಿದಳು. ರಕ್ತದ ಕ್ಯಾನ್ಸರ್ ಎಂದು ವೈದ್ಯರು ತಂದೆತಾಯಿಗೆ ಹೇಳಿದರು.

ಆ ವರ್ಷದ ಆಗಸ್ಟಿನಲ್ಲಿ ನಗೋಯಾ ಊರಿನ ವಿದ್ಯಾರ್ಥಿಗಳು ಆಸ್ಪತ್ರೆಯ ರೋಗಿಗಳಿಗೆ ಬೇಗ ಗುಣವಾಗಲೆಂದು ಕಾಗದದ ಕೊಕ್ಕರೆಗಳನ್ನು ಕಳಿಸಿದರು. ಸಾವಿರ ಮಡಚಿದವರ ಹಾರೈಕೆ ಈಡೇರುತ್ತದೆ ಎಂಬ ಮಾತು ಕೇಳಿ ಸಡಾಕೊ ತಾನೂ ಶುರುಮಾಡಿದಳು. ಯುದ್ಧ ಮುಗಿದು ಹತ್ತು ವರ್ಷವಾಗಿದ್ದರೂ ಒಳ್ಳೆಯ ಕಾಗದ ಸುಲಭವಾಗಿ ಸಿಗುತ್ತಿರಲಿಲ್ಲ. ಔಷಧದ ಪುಡಿ ಕಟ್ಟಿಕೊಡುತ್ತಿದ್ದ ತೆಳು ಕಾಗದ, ಮಿಠಾಯಿಯ ಹೊದಿಕೆ, ಬೇರೆ ರೋಗಿಗಳಿಗೆ ಬಂದ ಉಡುಗೊರೆಗಳ ಮೇಲಿನ ಕಾಗದ, ಎಲ್ಲವನ್ನೂ ಕೂಡಿಟ್ಟಳು. ಸಾವಿರ ಮುಗಿಯಿತು. ಕಾಯಿಲೆ ವಾಸಿಯಾಗಲಿಲ್ಲ. ಮತ್ತೆ ಮಡಚತೊಡಗಿದಳು, ಈ ಸಲ ಇನ್ನೂ ಸಣ್ಣ ಚೂರುಗಳಲ್ಲಿ, ಮಡಿಕೆಗಳನ್ನು ಸೂಜಿಯ ತುದಿಯಿಂದ ಒತ್ತಿ. ಅಕ್ಟೋಬರ್ 25ರಂದು, ಹನ್ನೆರಡನೇ ವಯಸ್ಸಿನಲ್ಲಿ ತೀರಿಕೊಂಡಳು.

ಸಾವಿರ ಮುಗಿಯಿತೋ ಇಲ್ಲವೋ ಎಂಬುದು ಸಣ್ಣ ವ್ಯತ್ಯಾಸವೆಂದು ಕೆಲವು ಶಿಕ್ಷಕರಿಗೆ ಅನ್ನಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ಸಂಖ್ಯೆ ಮುಗಿಯದೆ ಸತ್ತಳು ಎಂದು ಕೇಳಿದ ಮಗುವಿನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದುಹೋಗುತ್ತದೆ: ಇನ್ನಷ್ಟು ಬೇಗ ಮಡಚಿದ್ದರೆ ಬದುಕುತ್ತಿದ್ದಳೇ? ಹಾಗಾದರೆ ತಪ್ಪು ಆ ಹುಡುಗಿಯ ನಿಧಾನದ್ದಾಯಿತು, ಬಾಂಬಿನದ್ದಲ್ಲ. ನಿಜ ಹೇಳಿದಾಗ ಇಂಥ ಗೊಂದಲಕ್ಕೆ ಜಾಗವಿಲ್ಲ. ಅವಳು ತನ್ನ ಪಾಲಿನದನ್ನು ಪೂರ್ತಿ ಮಾಡಿದ್ದಳು. ಅವಳನ್ನು ಕೊಂದದ್ದು, ಅವಳಿಗೆ ಎರಡು ವರ್ಷವಾಗಿದ್ದಾಗ ದೊಡ್ಡವರು ಕೈಗೊಂಡ ಒಂದು ನಿರ್ಧಾರ.

ತಪ್ಪು ಕಲ್ಪನೆ: ಕೊಕ್ಕರೆ ಜಪಾನಿನಲ್ಲಿ ಪ್ರಾಚೀನ ಕಾಲದಿಂದಲೂ ಶಾಂತಿಯ ಸಂಕೇತ.

ವಾಸ್ತವ: ಜಪಾನಿನಲ್ಲಿ ಈ ಹಕ್ಕಿ ದೀರ್ಘಾಯುಷ್ಯದ, ಮಂಗಳದ ಗುರುತು. ಅದು ಸಾವಿರ ವರ್ಷ ಬದುಕುತ್ತದೆಂಬುದು ಅಲ್ಲಿನ ಹಳೆಯ ನಂಬಿಕೆ. ಮದುವೆಯ ಉಡುಪಿನ ಮೇಲೆ, ಹೊಸ ವರ್ಷದ ಅಲಂಕಾರದಲ್ಲಿ ಅದು ಕಾಣಿಸುವುದು ಈ ಕಾರಣಕ್ಕೆ. ಕಾಗದದ ಕೊಕ್ಕರೆಗಳನ್ನು ಒಂದಕ್ಕೊಂದು ಅಂಟಿಕೊಂಡಂತೆ ಮಡಚುವ 49 ವಿಧಾನಗಳನ್ನು ಹೇಳಿಕೊಡುವ ಪುಸ್ತಕ 1797ರಲ್ಲೇ ಅಲ್ಲಿ ಅಚ್ಚಾಗಿತ್ತು. ಅದು ವಿನೋದದ ಕಲೆ, ಯುದ್ಧ-ಶಾಂತಿಗಳ ಪ್ರಸ್ತಾಪ ಅದರಲ್ಲಿಲ್ಲ. ನಗೋಯಾದ ವಿದ್ಯಾರ್ಥಿಗಳೂ ರೋಗಿಗಳ ಆರೋಗ್ಯ ಹಾರೈಸಿಯೇ ಅವನ್ನು ಕಳಿಸಿದ್ದು.

ಅದಕ್ಕೆ ಶಾಂತಿಯ ಅರ್ಥ ತುಂಬಿದವರು ಮಕ್ಕಳು, ಸಡಾಕೊಳ ಸಹಪಾಠಿಗಳು. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ. ಸಂಕೇತವೆಂದರೆ ಹಿರಿಯರು ಎಂದೋ ಮಾಡಿಟ್ಟದ್ದು, ತಾವು ಕೈಮುಗಿದು ಒಪ್ಪಿಕೊಳ್ಳಬೇಕಾದ್ದು ಎಂದುಕೊಂಡಿದ್ದ ಮಗುವಿಗೆ, ತನ್ನ ವಯಸ್ಸಿನವರೇ ಒಂದು ಸಂಕೇತ ಕಟ್ಟಿ ಜಗತ್ತಿಗೆ ಕೊಟ್ಟರೆಂದು ತಿಳಿಯುವುದು ಸಣ್ಣ ಸಂಗತಿಯಲ್ಲ.

ತಪ್ಪು ಕಲ್ಪನೆ: ಹಿರೋಶಿಮಾದ ಮಕ್ಕಳ ಶಾಂತಿ ಸ್ಮಾರಕ ಸರ್ಕಾರ ಕಟ್ಟಿಸಿದ್ದು, ಸಡಾಕೊ ಒಬ್ಬಳಿಗೆ ಸೇರಿದ್ದು.

ವಾಸ್ತವ: ಗೆಳತಿ ತೀರಿಕೊಂಡ ಕೆಲವೇ ವಾರಗಳಲ್ಲಿ, 1955ರ ನವೆಂಬರಿನಲ್ಲಿ, ಹಿರೋಶಿಮಾದಲ್ಲಿ ಮಾಧ್ಯಮಿಕ ಶಾಲೆಗಳ ಮುಖ್ಯೋಪಾಧ್ಯಾಯರ ರಾಷ್ಟ್ರಮಟ್ಟದ ಸಭೆ ನಡೆಯಿತು. ಸಡಾಕೊಳ ಸಹಪಾಠಿಗಳು ಅಲ್ಲಿಗೆ ಹೋಗಿ ಕರಪತ್ರ ಹಂಚಿದರು: ಬಾಂಬಿನಿಂದ ಸತ್ತ ಎಲ್ಲ ಮಕ್ಕಳ ನೆನಪಿಗೆ ಒಂದು ಪ್ರತಿಮೆ ನಿಲ್ಲಿಸೋಣ, ನಿಮ್ಮ ಶಾಲೆಯ ಮಕ್ಕಳಿಗೆ ತಿಳಿಸಿ. ಆ ಮುಖ್ಯೋಪಾಧ್ಯಾಯರು ಊರಿಗೆ ಮರಳಿ ಮಕ್ಕಳಿಗೆ ತಿಳಿಸಿದರು. ಜಪಾನಿನ ಮೂರು ಸಾವಿರಕ್ಕೂ ಹೆಚ್ಚು ಶಾಲೆಗಳಿಂದ ಹಣ ಬಂತು, ಇಂಗ್ಲೆಂಡ್ ಸೇರಿ ಒಂಬತ್ತು ದೇಶಗಳಿಂದ ದೇಣಿಗೆ ಬಂತು.

1958ರ ಮೇ 5ರಂದು, ಜಪಾನಿನ ಮಕ್ಕಳ ದಿನದಂದು, ಸ್ಮಾರಕದ ಅನಾವರಣವಾಯಿತು. ಶಿಲ್ಪಿ ಕಜುಒ ಕಿಕುಚಿ. ಒಂಬತ್ತು ಮೀಟರ್ ಎತ್ತರದ ಮೂರು ಕಾಲಿನ ಗುಮ್ಮಟ, ಅದರ ತುದಿಯಲ್ಲಿ ಕೊಕ್ಕರೆಯನ್ನು ತಲೆಯ ಮೇಲೆತ್ತಿ ಹಿಡಿದ ಕಂಚಿನ ಹುಡುಗಿ, ಪಕ್ಕಗಳಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ. ಒಳಗೆ ತೂಗುವ ಗಂಟೆಯನ್ನು ಮೊದಲು ಕೊಟ್ಟವರು ಭೌತವಿಜ್ಞಾನಿ ಹಿದೆಕಿ ಯುಕಾವಾ, 1949ರಲ್ಲಿ ನೊಬೆಲ್ ಪಡೆದವರು. ಪರಮಾಣುವಿನ ಒಳಗನ್ನು ಅರಿತ ವಿಜ್ಞಾನಿಯೊಬ್ಬರು ಪರಮಾಣು ಬಾಂಬಿಗೆ ಬಲಿಯಾದ ಮಕ್ಕಳಿಗಾಗಿ ಗಂಟೆ ಕೊಟ್ಟದ್ದನ್ನು ವಿಜ್ಞಾನದ ಮೇಷ್ಟ್ರು ತರಗತಿಯಲ್ಲಿ ಹೇಳಲೇಬೇಕು.

ಸಡಾಕೊ ಆ ಸ್ಮಾರಕದ ಮೊದಲ ಪ್ರೇರಣೆ. ಆದರೆ ಅದು ನಿಂತಿರುವುದು ಹೆಸರು ಉಳಿಯದ ಮಕ್ಕಳಿಗಾಗಿಯೂ. ಬಾಂಬ್ ಬಿದ್ದ ಬೆಳಿಗ್ಗೆ ಹನ್ನೆರಡು, ಹದಿಮೂರು ವರ್ಷದ ಸಾವಿರಾರು ವಿದ್ಯಾರ್ಥಿಗಳು ಬಯಲಿನಲ್ಲಿದ್ದರು. ವಿಮಾನ ದಾಳಿಯಾದರೆ ಬೆಂಕಿ ಹಬ್ಬದಿರಲೆಂದು ಸಾಲುಮನೆಗಳನ್ನು ಕೆಡವುವ ಕೆಲಸಕ್ಕೆ ಅವರನ್ನು ಹಚ್ಚಲಾಗಿತ್ತು. ಅವರಲ್ಲಿ ಸುಮಾರು 6,300 ಮಂದಿ ಸತ್ತರು. ಕೊಕ್ಕರೆ ಮಡಚುವ ನಮ್ಮ ಏಳನೇ ತರಗತಿಯ ಮಕ್ಕಳದ್ದೂ ಅದೇ ವಯಸ್ಸು.

ತಪ್ಪು ಕಲ್ಪನೆ: ಸಂಖ್ಯೆ ದೊಡ್ಡದಾದಷ್ಟೂ ಪಾಠ ಆಳವಾಗುತ್ತದೆ.

ವಾಸ್ತವ: ಈ ನಂಬಿಕೆಗೆ ಉತ್ತರವು ಅಮೆರಿಕದ ಟೆನೆಸಿ ರಾಜ್ಯದ ವಿಟ್‌ವೆಲ್ ಎಂಬ ಪುಟ್ಟ ಊರಿನಲ್ಲಿದೆ. ಸುಮಾರು 1,600 ಜನರ ಊರು, ಹಿಂದೆ ಕಲ್ಲಿದ್ದಲು ಗಣಿಗಳಿದ್ದ ಪ್ರದೇಶ. ಹೆಚ್ಚುಕಡಿಮೆ ಎಲ್ಲರೂ ಬಿಳಿಯರು, ಪ್ರೊಟೆಸ್ಟೆಂಟ್ ಕ್ರೈಸ್ತರು. ಮಕ್ಕಳು ತಮ್ಮಂಥವರಲ್ಲದವರನ್ನು ಕಂಡದ್ದೇ ಕಡಿಮೆ ಎಂಬ ಚಿಂತೆಯಿಂದ 1998ರಲ್ಲಿ ಅಲ್ಲಿನ ಮಾಧ್ಯಮಿಕ ಶಾಲೆಯ ಪ್ರಿನ್ಸಿಪಾಲ್ ಲಿಂಡಾ ಹೂಪರ್ ಹಾಗೂ ಸಹೋದ್ಯೋಗಿಗಳು ನಾಜಿಗಳು ನಡೆಸಿದ ಯಹೂದಿ ನರಮೇಧದ ಬಗ್ಗೆ ಪಾಠ ಶುರುಮಾಡಿದರು. ಅರವತ್ತು ಲಕ್ಷ ಯಹೂದಿಗಳು ಕೊಲ್ಲಲ್ಪಟ್ಟರು ಎಂದಾಗ ಮಕ್ಕಳಿಗೆ ಆ ಸಂಖ್ಯೆ ಎಷ್ಟೆಂಬುದೇ ಹಿಡಿತಕ್ಕೆ ಸಿಗಲಿಲ್ಲ. ಅಷ್ಟು ಏನನ್ನಾದರೂ ಕೂಡಿಸಿ ನೋಡೋಣ ಎಂದುಕೊಂಡರು. ಎರಡನೇ ಮಹಾಯುದ್ಧದಲ್ಲಿ ನಾರ್ವೆಯ ಜನ ನಾಜಿ ಆಕ್ರಮಣಕ್ಕೆ ಪ್ರತಿರೋಧವಾಗಿ ಅಂಗಿಯ ಮೇಲೆ ಪೇಪರ್ ಕ್ಲಿಪ್ ಸಿಕ್ಕಿಸಿಕೊಳ್ಳುತ್ತಿದ್ದರು ಎಂದು ಓದಿ ಪೇಪರ್ ಕ್ಲಿಪ್ಪನ್ನೇ ಆರಿಸಿಕೊಂಡರು.

ಇಲ್ಲಿ ಇನ್ನೊಂದು ತಪ್ಪನ್ನೂ ತಿದ್ದಿಬಿಡುತ್ತೇನೆ. ಪೇಪರ್ ಕ್ಲಿಪ್ ನಾರ್ವೆಯ ಯೋಹಾನ್ ವಾಲರ್ ಕಂಡುಹಿಡಿದದ್ದು, ಅದಕ್ಕೇ ಅದು ಅವರ ಸಂಕೇತವಾಯಿತು ಎಂಬ ಮಾತು ಈ ಶಾಲೆಯ ಕಥೆಯ ಜೊತೆಗೇ ಊರೂರು ಸುತ್ತಿದೆ. 1901ರಲ್ಲಿ ಪೇಟೆಂಟ್ ಪಡೆದ ವಾಲರ್ ವಿನ್ಯಾಸಕ್ಕೆ ಒಳಗಿನ ಕೊನೆಯ ಸುರುಳಿಯೇ ಇರಲಿಲ್ಲ. ನಾವು ಇಂದು ಬಳಸುವ ಮಾದರಿ ಅದಕ್ಕೂ ಮೊದಲೇ ಬ್ರಿಟನ್ನಿನಲ್ಲಿ ಚಾಲ್ತಿಯಲ್ಲಿತ್ತು. ನಾರ್ವೆಯವರು 1940ರಲ್ಲಿ ಅದನ್ನು ಧರಿಸಿದ ಕಾರಣ ಸರಳ: ಕ್ಲಿಪ್ ಬಿಡಿಹಾಳೆಗಳನ್ನು ಒಟ್ಟಿಗೆ ಹಿಡಿದಿಡುತ್ತದೆ, ನಾವೂ ಹಾಗೆ ಒಟ್ಟಿಗಿದ್ದೇವೆ. ಈ ಅರ್ಥ ಪೇಟೆಂಟಿನ ಕಥೆಗಿಂತ ಎಷ್ಟೋ ಚೆನ್ನಾಗಿದೆ.

ವಿಟ್‌ವೆಲ್ ಶಾಲೆಗೆ ಕ್ಲಿಪ್‌ಗಳು ಬಂದವು. ಜರ್ಮನ್ ಪತ್ರಕರ್ತ ದಂಪತಿ ಪೀಟರ್ ಶ್ರೋಡರ್ ಮತ್ತು ಡಾಗ್ಮಾರ್ ಶ್ರೋಡರ್ ಹಿಲ್ಡೆಬ್ರಾಂಡ್ ಬರೆದದ್ದರಿಂದ, 2001ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯೂ ಬರೆದದ್ದರಿಂದ ಅಂಚೆಯ ಪ್ರವಾಹವೇ ಹರಿಯಿತು. ಎಣಿಕೆ ಮೂರು ಕೋಟಿ ಮೀರಿತು. ಜನರನ್ನು ನಾಜಿಗಳ ಶಿಬಿರಗಳಿಗೆ ಸಾಗಿಸಲು ಬಳಸುತ್ತಿದ್ದ ಜರ್ಮನಿಯ ಒಂದು ರೈಲು ಡಬ್ಬಿಯನ್ನು ಆ ದಂಪತಿ ಹುಡುಕಿ ತಂದರು. 2001ರ ನವೆಂಬರ್ 9ರಂದು ಅದು ಶಾಲೆಯ ಆವರಣದಲ್ಲಿ ಸ್ಮಾರಕವಾಗಿ ತೆರೆದುಕೊಂಡಿತು. ಒಳಗೆ ಒಂದು ಕೋಟಿ ಹತ್ತು ಲಕ್ಷ ಕ್ಲಿಪ್‌ಗಳಿವೆ, ಯಹೂದಿಗಳ ಜೊತೆ ಕೊಲ್ಲಲ್ಪಟ್ಟ ರೋಮಾ ಜನ, ಅಂಗವಿಕಲರು ಮುಂತಾದ ಇತರರನ್ನೂ ನೆನೆದು.

ಆದರೆ ಆ ಮಕ್ಕಳನ್ನು ಬದಲಿಸಿದ್ದು ಕೋಟಿಯ ಲೆಕ್ಕವೇ? ಕ್ಲಿಪ್‌ಗಳ ಜೊತೆ ಪತ್ರಗಳು ಬಂದಿದ್ದವು. ಇದು ನನ್ನ ಅಜ್ಜಿಗಾಗಿ, ಇದು ನನ್ನ ತಂದೆಯ ತಮ್ಮನಿಗಾಗಿ ಎಂದು ಒಂದೊಂದು ಕ್ಲಿಪ್ಪಿಗೂ ಒಂದು ಹೆಸರು ಕಟ್ಟಿದ ಪತ್ರಗಳು. ಮಕ್ಕಳು ಅವನ್ನು ಓದಿದರು, ದಾಖಲಿಸಿದರು, ಉತ್ತರ ಬರೆದರು. ಶಿಬಿರಗಳಿಂದ ಬದುಕುಳಿದು ಬಂದ ವೃದ್ಧರು ನ್ಯೂಯಾರ್ಕಿನಿಂದ ಆ ಊರಿಗೆ ಬಂದು ಚರ್ಚಿನಲ್ಲಿ ಕೂತು ತಮ್ಮ ಬದುಕು ಹೇಳಿಕೊಂಡಾಗ ಊರಿಗೆ ಊರೇ ಕೇಳಿತು. ಅರವತ್ತು ಲಕ್ಷ ಎಂಬ ಅಂಕಿ ಒಂದು ಮುಖವಾಗಿ ಎದುರು ಕೂತದ್ದು ಆಗ. ನೀವು ಶಾಲೆಯಲ್ಲಿ ಸಾವಿರ ಕೊಕ್ಕರೆ ಮಾಡಿಸುವ ಯೋಚನೆಯಲ್ಲಿದ್ದರೆ ಒಂದು ಸಲಹೆ: ನೂರು ಮಾಡಿಸಿ, ಉಳಿದ ಸಮಯದಲ್ಲಿ ಒಬ್ಬರ ಬದುಕನ್ನು ಓದಿಸಿ.

ತಪ್ಪು ಕಲ್ಪನೆ: ಹಿರೋಶಿಮಾದ ಸಂಕಟ ಜಪಾನೀಯರದು ಮಾತ್ರ.

ವಾಸ್ತವ: 1945ರ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸತ್ತವರು ಸುಮಾರು 1,40,000. ಅವರಲ್ಲಿ ಸಾವಿರಾರು ಕೊರಿಯನ್ನರಿದ್ದರು. ಕೊರಿಯಾ 1910ರಿಂದ 1945ರವರೆಗೆ ಜಪಾನಿನ ವಸಾಹತು. ಅಲ್ಲಿಂದ ಕರೆತಂದ, ಎಳೆತಂದ, ಬಡತನಕ್ಕೆ ಗುಳೆ ಬಂದ ಜನ ಹಿರೋಶಿಮಾದಲ್ಲಿ ದುಡಿಯುತ್ತಿದ್ದರು. ಅವರ ಸ್ಮಾರಕ 1970ರಲ್ಲಿ ಎದ್ದದ್ದು ಇತರ ಸ್ಮಾರಕಗಳಿರುವ ಶಾಂತಿ ಉದ್ಯಾನದ ಹೊರಗೆ, ನದಿಯ ಆಚೆ. ಸತ್ತಮೇಲೂ ಹೊರಗಿಡುವುದೇ ಎಂಬ ನೋವಿನ ಪ್ರಶ್ನೆ ವರ್ಷಗಟ್ಟಲೆ ಕೇಳಿಬಂತು. ಉದ್ಯಾನದ ಒಳಕ್ಕೆ ಅದು ಬಂದದ್ದು 1999ರಲ್ಲಿ. ಬಾಂಬ್ ಬಿದ್ದ ದಿನ ಊರಿನಲ್ಲಿ ಸೆರೆಯಾಳುಗಳಾಗಿದ್ದ ಹನ್ನೆರಡು ಅಮೆರಿಕನ್ ಯೋಧರೂ ತಮ್ಮದೇ ದೇಶದ ಬಾಂಬಿಗೆ ಸತ್ತರು. ಅವರ ಹೆಸರು, ಕುಟುಂಬಗಳನ್ನು ದಶಕಗಳ ಕಾಲ ಹುಡುಕಿ ಗೊತ್ತುಮಾಡಿದವರು ಶಿಗೆಯಾಕಿ ಮೊರಿ. ಎಂಟು ವರ್ಷದವರಿದ್ದಾಗ ಅದೇ ಬಾಂಬಿನಿಂದ ಪಾರಾದವರು ಅವರು. 2016ರ ಮೇ ತಿಂಗಳಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಬರಾಕ್ ಒಬಾಮ ಹಿರೋಶಿಮಾಕ್ಕೆ ಬಂದಾಗ ತಬ್ಬಿಕೊಂಡದ್ದು ಇವರನ್ನೇ.

ಹಿರೋಶಿಮಾ ದೊಡ್ಡ ಸೈನಿಕ ನಗರವೂ ಆಗಿತ್ತು, ಜಪಾನಿನ ಸೈನ್ಯ ಚೀನಾದ ನಾನ್‌ಜಿಂಗ್‌ನಲ್ಲಿ ಭೀಕರ ಹತ್ಯಾಕಾಂಡ ನಡೆಸಿತ್ತು ಎಂಬುದನ್ನೂ ಪ್ರೌಢಶಾಲೆಯ ಮಕ್ಕಳಿಗೆ ಹೇಳಬೇಕು. ಇದರಿಂದ ಸಡಾಕೊಳ ಸಾವಿನ ತೂಕ ಕಡಿಮೆಯಾಗುವುದಿಲ್ಲ. ಎರಡು ವರ್ಷದ ಕೂಸು ಯಾವ ಸೈನ್ಯಕ್ಕೂ ಸೇರಿದ್ದಲ್ಲ. ನೋವಿಗೆ ಗಡಿಯಿಲ್ಲ ಎಂದು ಬಾಯಲ್ಲಿ ಹೇಳಿ, ಒಂದೇ ಕಡೆಯ ನೋವನ್ನು ಎಣಿಸಿದರೆ ಮಕ್ಕಳು ಅದನ್ನು ಗುರುತಿಸದೆ ಇರುವುದಿಲ್ಲ.

ನೋವಿಗೆ ಗಡಿಯಿಲ್ಲ ಎಂಬುದನ್ನು ಸಡಾಕೊಳ ಮನೆಯವರು ಎಲ್ಲರಿಗಿಂತ ಚೆನ್ನಾಗಿ ಅರಿತವರು. ಅವಳು ಮಡಚಿದ್ದರಲ್ಲಿ ಉಳಿದ ಕೆಲವೇ ಕೊಕ್ಕರೆಗಳಲ್ಲಿ ಒಂದನ್ನು 2007ರಲ್ಲಿ ನ್ಯೂಯಾರ್ಕಿಗೆ, ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತವರ ನೆನಪಿನ ಕೇಂದ್ರಕ್ಕೆ ಕೊಟ್ಟರು. ಇನ್ನೊಂದು ಪರ್ಲ್ ಹಾರ್ಬರಿಗೆ ಹೋಯಿತು, ಜಪಾನ್ ದಾಳಿಮಾಡಿ ಅಮೆರಿಕವನ್ನು ಯುದ್ಧಕ್ಕೆ ಎಳೆದ ಜಾಗಕ್ಕೆ. ಮತ್ತೊಂದು 2015ರಲ್ಲಿ ಟ್ರೂಮನ್ ಗ್ರಂಥಾಲಯಕ್ಕೆ ಸೇರಿತು. ಬಾಂಬ್ ಹಾಕಿಸಿದ ಅಧ್ಯಕ್ಷ ಹ್ಯಾರಿ ಟ್ರೂಮನ್ ಹೆಸರಿನ ಗ್ರಂಥಾಲಯ ಅದು. ಇದಕ್ಕೆ ದಾರಿ ತೆರೆದದ್ದು ಒಂದು ಶಾಲೆಯ ಪಾಠ. ಟ್ರೂಮನ್ ಅವರ ಮೊಮ್ಮಗ ಕ್ಲಿಫ್ಟನ್ ಟ್ರೂಮನ್ ಡೇನಿಯಲ್ ಅವರ ಪುಟ್ಟ ಮಗ 1999ರಲ್ಲಿ ಶಾಲೆಯಿಂದ ಸಡಾಕೊಳ ಪುಸ್ತಕವನ್ನು ಮನೆಗೆ ತಂದಿದ್ದ, ತಂದೆಮಗ ಕೂಡಿ ಓದಿದರು. ಆ ಸುದ್ದಿ ತಿಳಿದು ಮಸಾಹಿರೊ ಸಂಪರ್ಕಿಸಿದರು. 2010ರಲ್ಲಿ ಎರಡು ಕುಟುಂಬಗಳು ಭೇಟಿಯಾದವು. 2012ರ ಆಗಸ್ಟಿನಲ್ಲಿ ಟ್ರೂಮನ್ ಮೊಮ್ಮಗ ಹಿರೋಶಿಮಾ, ನಾಗಸಾಕಿಗಳ ಸ್ಮರಣೆಯ ಸಭೆಗಳಲ್ಲಿ ಕೂತಿದ್ದರು. ಓದಿಸಿದ ಆ ಶಿಕ್ಷಕರಿಗೆ ಇದೆಲ್ಲ ಆಗುತ್ತದೆಂದು ಎಲ್ಲಿ ಗೊತ್ತಿತ್ತು!

ತಪ್ಪು ಕಲ್ಪನೆ: ಮಕ್ಕಳಿಗೆ ಸಾವಿನ ವಿವರ ಬೇಡ, ಸಿಹಿಯಾಗಿ ಹೇಳಿದರೆ ಸಾಕು.

ವಾಸ್ತವ: ವಯಸ್ಸಿಗೆ ತಕ್ಕಂತೆ ಹೇಳಬೇಕು, ನಿಜ. ಸುಟ್ಟ ದೇಹಗಳ ಚಿತ್ರ ಮೂರನೇ ತರಗತಿಗೆ ಬೇಡ. ಆದರೆ ಮುಚ್ಚಿಟ್ಟದ್ದನ್ನು ಮಕ್ಕಳು ತಾವೇ ಊಹಿಸಿಕೊಳ್ಳುತ್ತಾರೆ. ಸಡಾಕೊಗೆ ಅವಳ ಕಾಯಿಲೆಯ ಹೆಸರನ್ನು ಯಾರೂ ಹೇಳಿರಲಿಲ್ಲ. ಅವಳು ಸತ್ತಮೇಲೆ ಹಾಸಿಗೆಯ ಕೆಳಗೆ ಒಂದು ಕಾಗದ ಸಿಕ್ಕಿತು. ತನ್ನ ರಕ್ತಪರೀಕ್ಷೆಯ ಅಂಕಿಗಳನ್ನು ಅವಳು ಗುಟ್ಟಾಗಿ ಬರೆದಿಟ್ಟುಕೊಂಡಿದ್ದಳು. ಹನ್ನೆರಡು ವರ್ಷದ ಮಗುವಿಗೆ ಎಲ್ಲ ಗೊತ್ತಿತ್ತು, ಗೊತ್ತಿಲ್ಲದವಳಂತೆ ನಕ್ಕು ತಂದೆತಾಯಿಯನ್ನು ಕಾಪಾಡಿದ್ದಳು. ಇದನ್ನು ಕೇಳಿದ ಮಕ್ಕಳು ಹೆದರುವುದಕ್ಕಿಂತ ಹೆಚ್ಚಾಗಿ ಅವಳನ್ನು ತಮ್ಮವಳೆಂದು ಬಗೆಯುತ್ತಾರೆ.

ತಪ್ಪು ಕಲ್ಪನೆ: ಕಾಗದದ ಕೊಕ್ಕರೆಗೆ ಯಾರ ವಿರೋಧವೂ ಇಲ್ಲ, ಅದು ಎಲ್ಲರೂ ಒಪ್ಪುವ ಸಾಧು ಸಂಕೇತ.

ವಾಸ್ತವ: 1990ರ ದಶಕದಲ್ಲಿ ಅಮೆರಿಕದ ಅಲ್ಬುಕರ್ಕಿಯ ಪ್ರಾಥಮಿಕ ಶಾಲೆಯ ಮಕ್ಕಳು ಸಡಾಕೊಳಿಂದ ಪ್ರೇರಣೆ ಪಡೆದು, ಬಾಂಬ್ ರೂಪುಗೊಂಡ ಲಾಸ್ ಅಲಮೋಸ್ ಊರಿನಲ್ಲಿ ಮಕ್ಕಳ ಶಾಂತಿ ಪ್ರತಿಮೆ ನಿಲ್ಲಿಸಲು ದೇಶವಿದೇಶಗಳ ಮಕ್ಕಳಿಂದ ಹಣ ಕೂಡಿಸಿದರು. ಅಲ್ಲಿನ ಕೌಂಟಿ ಮಂಡಳಿ ಜಾಗ ಕೊಡಲು ಒಪ್ಪಲಿಲ್ಲ. 1995ರಲ್ಲಿ ಪ್ರತಿಮೆ ಅಲ್ಬುಕರ್ಕಿಯಲ್ಲಿ ನಿಂತಿತು. 2003ರಲ್ಲಿ ಹಿರೋಶಿಮಾದ ಸ್ಮಾರಕದಲ್ಲೇ ಒಬ್ಬ ಜಪಾನಿ ವಿದ್ಯಾರ್ಥಿ ಹಚ್ಚಿದ ಬೆಂಕಿಗೆ ಸುಮಾರು 1,40,000 ಕೊಕ್ಕರೆಗಳು ಸುಟ್ಟುಹೋದವು. ಅಮೆರಿಕದ ಸಿಯಾಟಲ್‌ನಲ್ಲಿ 1990ರಿಂದ ನಿಂತಿದ್ದ ಸಡಾಕೊಳ ಕಂಚಿನ ಪ್ರತಿಮೆಯನ್ನು 2024ರ ಜುಲೈನಲ್ಲಿ ಕಾಲಿನ ಬಳಿ ಕತ್ತರಿಸಿ ಕದ್ದೊಯ್ದರು. ಸಂಕೇತಕ್ಕೂ ಕಾವಲು ಬೇಕು, ಅದಕ್ಕಾಗಿ ವಾದಿಸುವವರು ಬೇಕು. ಅಲ್ಬುಕರ್ಕಿಯ ಆ ಮಕ್ಕಳು ಮಂಡಳಿಯ ಮುಂದೆ ನಿಂತು ಕಲಿತದ್ದು ಯಾವ ಪೌರನೀತಿ ಪಾಠಕ್ಕೂ ಕಡಿಮೆಯಲ್ಲ.

ತಪ್ಪು ಕಲ್ಪನೆ: ಕೊಕ್ಕರೆಗಳನ್ನು ಹಿರೋಶಿಮಾಕ್ಕೆ ಅಂಚೆಯಲ್ಲಿ ಕಳಿಸಿದರೆ ಕೆಲಸ ಮುಗಿಯಿತು.

ವಾಸ್ತವ: ಆ ಸ್ಮಾರಕಕ್ಕೆ ಪ್ರತಿವರ್ಷ ಸುಮಾರು ಒಂದು ಕೋಟಿ ಕೊಕ್ಕರೆಗಳು ಬರುತ್ತವೆ, ತೂಕ ಹತ್ತು ಟನ್ನಿನಷ್ಟು. ಪ್ರತಿಮೆಯ ಸುತ್ತಲಿನ ಗಾಜಿನ ಕಪಾಟುಗಳಲ್ಲಿ ಕೆಲಕಾಲ ತೂಗಿ ಆಮೇಲೆ ಜಾಗ ಬಿಡುತ್ತವೆ. ಇವನ್ನು ಮತ್ತೆ ಕಾಗದವಾಗಿ ಮಾಡಿ ಬಳಕೆಗೆ ತರುವ ವ್ಯವಸ್ಥೆ ಈಗ ಇದೆ. ಕಳಿಸುವುದು ತಪ್ಪಲ್ಲ, ಕಳಿಸಿದವರ ವಿವರವನ್ನು ನಗರಾಡಳಿತ ದಾಖಲಿಸಿಕೊಳ್ಳುತ್ತದೆ ಕೂಡ. ಆದರೆ ನಮ್ಮ ಊರಿನಿಂದ ಕಳಿಸುವ ಅಂಚೆಯ ಖರ್ಚಿನಲ್ಲಿ ಶಾಲೆಯ ಗ್ರಂಥಾಲಯಕ್ಕೆ ಒಂದೆರಡು ಒಳ್ಳೆಯ ಪುಸ್ತಕ ಬಂದರೆ ಹೆಚ್ಚು ಉಪಯೋಗವೆಂದೇ ನನಗೆ ತೋರುತ್ತದೆ.

ತಪ್ಪು ಕಲ್ಪನೆ: ಇದೆಲ್ಲ ದೂರದ ದೇಶದ ಕಥೆ, ನಮಗೆ ಅದರಲ್ಲಿ ಪಾಲಿಲ್ಲ.

ವಾಸ್ತವ: ಪಾಲು ಇದೆ. ಯುದ್ಧಕಾಲದಲ್ಲಿ, 1943ರಲ್ಲಿ, ಟೋಕಿಯೋದ ಉಎನೊ ಮೃಗಾಲಯದ ಆನೆಗಳನ್ನು ಸರ್ಕಾರದ ಆಜ್ಞೆಯಂತೆ ಉಪವಾಸ ಕೆಡವಿ ಸಾಯಿಸಲಾಗಿತ್ತು. ಯುದ್ಧ ಮುಗಿದಮೇಲೆ ಅಲ್ಲಿನ ಮಕ್ಕಳು ನಮಗೊಂದು ಆನೆ ಬೇಕೆಂದು ಜವಾಹರಲಾಲ್ ನೆಹರೂ ಅವರಿಗೆ ಪತ್ರಗಳನ್ನು ಬರೆದರು. 1949ರಲ್ಲಿ ನೆಹರೂ ಕಳಿಸಿದ ಆನೆ ನಮ್ಮ ಮೈಸೂರು ಸೀಮೆಯದು, ಕನ್ನಡದ ಮಾತಿಗೆ ಪಳಗಿದ್ದು. ಹೆಸರು ಇಂದಿರಾ. ಜೊತೆಗೆ ಹೋದ ಮಾವುತರಿಂದ ಜಪಾನಿನ ಮೃಗಾಲಯದವರು ಆ ಕನ್ನಡದ ಆಜ್ಞೆಗಳನ್ನು ಕಲಿತರು. 1983ರವರೆಗೆ ಬದುಕಿದ ಆ ಆನೆಯನ್ನು ಒಂದು ತಲೆಮಾರಿನ ಜಪಾನಿ ಮಕ್ಕಳು ನೋಡಿ ಬೆಳೆದರು. ಕೊಕ್ಕರೆಯ ಪಾಠಕ್ಕೆ ಈ ಆನೆಯನ್ನೂ ಸೇರಿಸಿದರೆ ನಮ್ಮ ಮಕ್ಕಳಿಗೆ ಹಿರೋಶಿಮಾ ಅಷ್ಟು ದೂರವೆನಿಸುವುದಿಲ್ಲ.

ಆದರೆ ನಮ್ಮ ಪಾಲು ಇದಕ್ಕಿಂತಲೂ ಹತ್ತಿರದ್ದು. ಹಿರೋಶಿಮಾದ ವಸ್ತುಸಂಗ್ರಹಾಲಯದಲ್ಲಿ ಒಂದು ಊಟದ ಡಬ್ಬಿ ಇದೆ. ಹದಿಮೂರು ವರ್ಷದ ಹುಡುಗನೊಬ್ಬನದು. ಅವನ ತಾಯಿ ಮಗನ ದೇಹವನ್ನು ಗುರುತಿಸಿದ್ದು ಆ ಡಬ್ಬಿಯಿಂದ. ಅವನು ಉಣ್ಣದೇ ಉಳಿದ ಊಟ ಒಳಗೇ ಕರಿಕಲಾಗಿತ್ತು. ಮನುಷ್ಯರೆಲ್ಲ ಒಂದೇ ಎಂಬುದಕ್ಕೆ ಹಸಿವಿಗಿಂತ, ಮಗನಿಗೆ ತಾಯಿ ಕಟ್ಟಿಕೊಟ್ಟ ಬುತ್ತಿಗಿಂತ ಸ್ಪಷ್ಟವಾದ ಗುರುತು ಯಾವುದಿದೆ?

ನಮ್ಮ ಸರ್ಕಾರಿ ಶಾಲೆಗಳಲ್ಲಿ 2002ರಲ್ಲಿ ಅಕ್ಷರ ದಾಸೋಹ ಎಂಬ ಮಧ್ಯಾಹ್ನದ ಊಟದ ಯೋಜನೆ ಶುರುವಾಯಿತು. ಬಿಸಿಯೂಟಕ್ಕೆ ಎಲ್ಲ ಮನೆಗಳ ಮಕ್ಕಳು ಒಂದೇ ಸಾಲಿನಲ್ಲಿ ಕೂರುತ್ತಾರೆ. ಯಾವ ಕಾಗದದ ಹಕ್ಕಿಗಿಂತಲೂ ದೊಡ್ಡ ಸಂಕೇತ ಅದು, ದಿನವೂ ಕಣ್ಣೆದುರಿಗೇ ನಡೆಯುವಂಥದ್ದು. ಆದರೆ ಅಡುಗೆಯವರು ದಲಿತರೆಂಬ ಕಾರಣಕ್ಕೆ ಮಕ್ಕಳನ್ನು ಊಟಕ್ಕೆ ಕೂರಿಸದ, ಶಾಲೆಯಿಂದಲೇ ಬಿಡಿಸಿಕೊಂಡು ಹೋದ ಸುದ್ದಿಗಳು ನಮ್ಮ ರಾಜ್ಯದಿಂದಲೂ ಬಂದಿವೆ. ಡಿಸೆಂಬರ್ 29ರಂದು ಕುವೆಂಪು ಜನ್ಮದಿನವನ್ನು ವಿಶ್ವಮಾನವ ದಿನವೆಂದು ಆಚರಿಸುವ ನಾಡಿನಲ್ಲಿ ಇದು ನಡೆಯುತ್ತದೆ ಎಂಬುದು ನನ್ನನ್ನು ಬಾಧಿಸುತ್ತದೆ. ಆಗಸ್ಟಿನಲ್ಲಿ ಸಡಾಕೊಗಾಗಿ ಕಣ್ಣೊದ್ದೆ ಮಾಡಿಕೊಂಡ ತರಗತಿ ಅದೇ ಮಧ್ಯಾಹ್ನ ಸಾಂಬಾರ್ ಬಡಿಸುವ ಕೈಯ ಜಾತಿ ನೋಡಿದರೆ ಆ ಕೊಕ್ಕರೆಗಳಿಂದ ಏನು ಬಂತು?

ಇದನ್ನು ತಿದ್ದಲು ದೊಡ್ಡ ಯೋಜನೆ ಬೇಕಿಲ್ಲ. ಹಿರೋಶಿಮಾ ದಿನದ ಪ್ರಾರ್ಥನಾ ಸಭೆಗೆ ಅಡುಗೆಯ ಅಕ್ಕಂದಿರನ್ನೂ ಕರೆಯಬಹುದು. ಆ ಊಟದ ಡಬ್ಬಿಯ ಕಥೆ ಹೇಳಿ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾರೆ, ತಮ್ಮ ಮಕ್ಕಳಿಗೆ ಏನು ಕಟ್ಟಿಕೊಡುತ್ತಾರೆ ಎಂದು ಮಕ್ಕಳಿಂದಲೇ ಅವರನ್ನು ಕೇಳಿಸಬಹುದು. ಮುಖ್ಯೋಪಾಧ್ಯಾಯರೂ ಶಿಕ್ಷಕರೂ ಅಂದು ಮಾತ್ರವಲ್ಲ, ದಿನವೂ ಮಕ್ಕಳ ಸಾಲಿನಲ್ಲಿ ಕೂತು ಅದೇ ಊಟ ಉಣ್ಣಬಹುದು. ಮಗುವನ್ನು ಊಟಕ್ಕೆ ಕಳಿಸದ ಮನೆಗೆ ಶಿಕ್ಷಕರು ಹೋಗಿ ಮಾತಾಡಬೇಕು, ಒಂದು ಸಲ ಆಗದಿದ್ದರೆ ಇನ್ನೊಂದು ಸಲ.